ಕುರ್ಚಿಯ ಕೈ ಕೆಳಗಿನ ಗುಳಿಗಳು

ಹಲ್ಲಿನ ಡಾಕ್ಟರ ಮನೆಗೆ ಹೋದವರು ಕೂರುವುದಕ್ಕೆ ಜಾಗ ಹುಡುಕಬೇಕಾಗುತ್ತಿತ್ತು. ಕುರ್ಚಿಗಳಿರಲಿಲ್ಲ ಅಂತಲ್ಲ. ಹಜಾರದ ಗೋಡೆಗುಂಟ ಒಂಬತ್ತು ಕುರ್ಚಿಗಳು ಸಾಲಾಗಿ ಇದ್ದವು, ಒಂದನ್ನು ನೋಡಿದ ಕಣ್ಣು ಇನ್ನೊಂದಕ್ಕೆ ಹೋಗಲು ಒಪ್ಪದ ಹಾಗೆ. ಆದರೆ ಅವುಗಳ ಮೇಲೆ ಕೂರುವ ಹಾಗಿರಲಿಲ್ಲ. ಬಂದವರು ಕುರ್ಚಿಗಳನ್ನೊಮ್ಮೆ, ಡಾಕ್ಟರ ಮುಖವನ್ನೊಮ್ಮೆ ನೋಡಿ, ಕೊನೆಗೆ ಅಡುಗೆಮನೆಯಿಂದ ಬಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೆಲ್ಲಗೆ ಕೂರುತ್ತಿದ್ದರು.

"ನಮ್ಮನೇಲಿ ಕುರ್ಚಿಗಳು ಆರಾಮಾಗಿ ಕೂತಿರ್ತವೆ, ನಾವು ನಿಂತಿರ್ತೀವಿ," ಅಂತ ಡಾಕ್ಟರ ಹೆಂಡತಿ ಸ್ಟೂಲು ಕೊಡುತ್ತಾ ಹೇಳುತ್ತಿದ್ದಳು. ಇಪ್ಪತ್ತು ವರ್ಷದಿಂದ ಅದೇ ಮಾತು. ಮೊದಲು ಅದರಲ್ಲಿ ನಗುವಿತ್ತು, ಆಮೇಲಾಮೇಲೆ ಮಾತು ಮಾತ್ರ ಉಳಿದಿತ್ತು.

ಆ ಒಂಬತ್ತೂ ಡೆನ್ಮಾರ್ಕ್, ಸ್ವೀಡನ್, ನಾರ್ವೆ ಅನ್ನುವ ಬಡಗಣ ಚಳಿ ದೇಶಗಳಲ್ಲಿ ಅರವತ್ತು ಎಪ್ಪತ್ತು ವರ್ಷದ ಹಿಂದೆ ಮಾಡಿದ ಕೈಕುರ್ಚಿಗಳು. ಕಾಲುಗಳು ಸಣ್ಣ, ಕೆಳಗೆ ಬರುತ್ತಾ ಇನ್ನೂ ಸಣ್ಣ. ಕೈಗಳು ದೋಣಿಯ ಹುಟ್ಟಿನ ಹಾಗೆ ಅಗಲ, ಅಂಚಿನಲ್ಲಿ ಹೊಳೆಗಲ್ಲಿನ ನುಣುಪು. ಬೆನ್ನು, ಎದುರಿನವರ ಮಾತು ಕೇಳಲು ಹಿಂದಕ್ಕೆ ಒರಗಿದವರ ಹಾಗೆ ತುಸು ವಾಲಿರುವುದು. ಎಲ್ಲಿಯೂ ಮೊಳೆಯ ತಲೆ ಕಾಣದು. ಮುಚ್ಚಿಹೋದ ಹೋಟೆಲು, ಎದ್ದುಹೋದ ಕಂಪನಿ, ಗುಜರಿ ಅಂಗಡಿಯ ಹಿತ್ತಿಲು, ಎಲ್ಲೆಲ್ಲಿಂದಲೋ ಡಾಕ್ಟರು ಅವನ್ನು ಹುಡುಕಿ ತಂದಿದ್ದರು. ಹಳೇ ಕುರ್ಚಿ ಎದುರಾದರೆ ಸಾಕು, ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ಹೊರಬರುತ್ತಿತ್ತು. ಅದನ್ನು ಕುರ್ಚಿಯ ಅಡಿಗೆ ಹಿಡಿದು, ಮಾಡಿದವರ ಮುದ್ರೆ ಎಲ್ಲಿದೆ, ಯಾವ ಕೂಡಿಕೆ ಬಿಟ್ಟಿದೆ, ಅಂಟು ಎಲ್ಲಿ ಒಣಗಿದೆ ಅಂತ ನೋಡುತ್ತಿದ್ದರು. ಗುಜರಿಯವರು ಅವರನ್ನು ಕಂಡರೆ, "ಬಂದ್ರು, ಕುರ್ಚಿಗೆ ಬಾಯಿ ತೆಗೆಸೋರು," ಅನ್ನುತ್ತಿದ್ದರು.

ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಕೇಳಿದವರಿಗೆ ಡಾಕ್ಟರು ಏನೋ ಹೇಳಿ ತಳ್ಳಿಹಾಕುತ್ತಿದ್ದರು. ನಿಜ ಬೇರೆಯೇ ಇತ್ತು. ಮೂವತ್ತೆರಡು ವರ್ಷದಿಂದ ಅವರೆದುರು ಕುರ್ಚಿಯಲ್ಲಿ ಕೂತವರೆಲ್ಲ ಹೆದರಿಕೊಂಡೇ ಕೂತವರು, ಎರಡೂ ಕೈಯಿಂದ ಕುರ್ಚಿಯ ಕೈಯನ್ನು ಅವುಚಿ ಹಿಡಿದವರು. ಒಮ್ಮೆ ಒಂದು ಹಳೇ ಹೋಟೆಲಿನಲ್ಲಿ ಯಾರೋ ಮುದುಕರು ಇಂಥದ್ದೊಂದು ಕುರ್ಚಿಯಲ್ಲಿ ನಿದ್ದೆಹೋಗಿದ್ದರು. ಅವರ ಅಂಗೈ ಕುರ್ಚಿಯ ಕೈಮೇಲೆ ಪೂರ್ತಿ ಬಿಚ್ಚಿಕೊಂಡು, ಮಳೆಹನಿ ಹಿಡಿಯಲು ಒಡ್ಡಿದ ಹಾಗೆ ಬಿದ್ದಿತ್ತು. ಮನುಷ್ಯರ ಕೈ ಹೀಗೂ ಇರುತ್ತದಲ್ಲ ಅಂತ ಡಾಕ್ಟರು ನೋಡುತ್ತಾ ನಿಂತುಬಿಟ್ಟರು. ಅಂದಿನಿಂದ ಶುರು. ಆದರೆ ಆಸೆಯ ದಾರಿ ನೋಡಿ, ಕೈ ಬಿಚ್ಚಿಸುವ ಕುರ್ಚಿ ಬೇಕೆಂದು ಹೊರಟವರು ಕೊನೆಗೆ ಯಾರೂ ಕೈಯಿಡಬಾರದ ಕುರ್ಚಿಗಳ ಯಜಮಾನರಾಗಿ ಕೂತರು. ಕೂತರು ಅನ್ನುವುದೂ ತಪ್ಪು. ಅವರೂ ಕೂರುತ್ತಿರಲಿಲ್ಲ.

ಒಂಬತ್ತರಲ್ಲಿ ಕಿಟಕಿ ಪಕ್ಕದ್ದು ಅವರ ಪ್ರಾಣ. ತೇಗದ ಕುರ್ಚಿ. ಅದರ ಅಡಿಪಟ್ಟಿಯ ಒಳಮೈಯಲ್ಲಿ, ಮಾಡಿದ ಬಡಗಿ ಸೀಸದ ಕಡ್ಡಿಯಲ್ಲಿ ಹದಿನಾಲ್ಕು ಅಂತ ಬರೆದಿದ್ದ. ಒಂದು ಹಡಗು ಕಂಪನಿಯ ಆಫೀಸಿನಿಂದ ಬಂದದ್ದು ಅದು. ಆ ಆಫೀಸಿನ ಹಳೇ ಫೋಟೊ ಒಂದರಲ್ಲಿ ಅಂಥವೇ ಎರಡು ಎದುರುಬದುರಾಗಿ ಇದ್ದವು. ಇನ್ನೊಂದರ ಮೇಲೆ ಹದಿನೈದು ಅಂತ ಬರೆದಿರಲೇಬೇಕು. ಅದೆಲ್ಲಿ ಹೋಯಿತು? ಇಪ್ಪತ್ತು ವರ್ಷ ಹುಡುಕಿದರು. ಕಿಟಕಿಯ ಆ ಬದಿಯಲ್ಲಿ ಒಂದು ಕುರ್ಚಿಯಷ್ಟು ಜಾಗ ಖಾಲಿ ಬಿಟ್ಟಿದ್ದರು. ಹೆಂಡತಿ ಅಲ್ಲಿ ಒಮ್ಮೆ ಹೂಕುಂಡ ಇಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಹೀಗಿರುವಾಗ ಮನೆ ಪಕ್ಕದ ಅವರ ಆಸ್ಪತ್ರೆಗೆ ಗಡಿಯಾರದಮ್ಮ ಬಂದರು.

ಅವರ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವರು, ತೀರಿಹೋಗಿ ಹನ್ನೊಂದು ವರ್ಷ. ಅಂಗಡಿ ಮುಚ್ಚಿದರೂ ಹೆಸರು ಉಳಿದಿತ್ತು. ಎಂಬತ್ತನಾಲ್ಕರ ಜೀವ, ಕಣ್ಣಿಗೆ ಹೊಗೆ ಕವಿದು ಎದುರಿನವರು ನೆರಳಿನ ಹಾಗೆ ಕಾಣುತ್ತಿದ್ದರು. ಹಲ್ಲಿನ ಸೆಟ್ಟು ಸಡಿಲವಾಗಿದೆ ಅಂತ ಮಗಳು ಕರೆತಂದಿದ್ದಳು. ಮಗಳಿಗೂ ಅರವತ್ತು ಹತ್ತಿರ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಇನ್ನೂ ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವ ದನಿ.

"ನಿಮ್ಮ ಕುರ್ಚಿ ಚೆನ್ನಾಗಿದೆ ಡಾಕ್ಟ್ರೇ, ಮೇಲೂ ಹೋಗುತ್ತೆ, ಕೆಳಗೂ ಬರುತ್ತೆ," ಅಂದರು ಗಡಿಯಾರದಮ್ಮ. "ನಂದು ಬರೀ ಕೆಳಗೆ ಹೋಗುತ್ತೆ."

"ಮೊನ್ನೆ ಅದರಲ್ಲಿ ಮುಳುಗಿ ಅರ್ಧ ದಿನ ಹಾಗೇ ಇದ್ರು," ಅಂದಳು ಮಗಳು. "ನಾನು ಬಂದು ಎಳೆದು ತೆಗೆದೆ. ಅಡಿಯ ರಬ್ಬರ್ ಪಟ್ಟಿ ಎಲ್ಲ ಹರಿದಿದೆ. ಇಂಥ ಪಟ್ಟಿ ಈಗ ಸಿಗಲ್ಲ ಅಂತ ಬಡಗಿ ಹೇಳಿಬಿಟ್ಟ. ಎಸಿಬೇಕು."

"ನಮ್ಮೆಜಮಾನರು ಹಡಗು ಕಂಪನಿಯ ಗಡಿಯಾರ ನೋಡ್ಕೋತಿದ್ರು. ಕಂಪನಿ ಎದ್ದುಹೋಗುವಾಗ ಕೊಟ್ಟ ಕುರ್ಚಿ ಅದು," ಅಂದರು ಅಮ್ಮ.

ಡಾಕ್ಟರ ಕೈಯಲ್ಲಿದ್ದ ಕನ್ನಡಿ ಅಲ್ಲೇ ನಿಂತಿತು.

ಅಂದು ಸಾಯಂಕಾಲವೇ ಅವರ ಮನೆಗೆ ಹೋದರು. ಎರಡು ಕೋಣೆಯ ಮನೆ, ರಸ್ತೆಗೆ ತೆರೆದ ಬಾಗಿಲು, ಗೋಡೆಯಲ್ಲಿ ಏಳು ಗಡಿಯಾರ, ಏಳೂ ಒಂದೇ ಸಮಯ ತೋರಿಸುತ್ತಿದ್ದವು. ಮೂಲೆಯಲ್ಲಿ ಆ ಕುರ್ಚಿ. ಡಾಕ್ಟರು ನೆಲಕ್ಕೆ ಮಂಡಿಯೂರಿ ಕನ್ನಡಿಯನ್ನು ಅಡಿಗೆ ತಂದರು. ಸೀಸದ ಕಡ್ಡಿಯ ಹದಿನೈದು ಕನ್ನಡಿಯಲ್ಲಿ ತಿರುಗಮುರುಗ ಕಂಡಿತು.

ಅಂಥ ಪಟ್ಟಿ ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿತ್ತು. ರಿಪೇರಿ ಮಾಡಿ ವಾಪಸ್ ಕೊಡುತ್ತೇನೆ ಅನ್ನುವ ಮಾತು ನಾಲಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ಕೂತುಬಿಟ್ಟಿತು. ಬದಲಿಗೆ, "ಅಮ್ಮಾ, ಇದನ್ನ ನಂಗೆ ಕೊಡಿ. ನಿಮಗೆ ಹೊಸದೊಂದು ತಂದುಕೊಡ್ತೀನಿ. ಬಟನ್ ಒತ್ತಿದ್ರೆ ತಾನೇ ಎತ್ತಿ ನಿಲ್ಲಿಸುತ್ತೆ," ಅಂದರು.

ಗಡಿಯಾರದಮ್ಮ ಕುರ್ಚಿಯ ಬಲಗೈಯನ್ನು ಸವರುತ್ತಿದ್ದರು.

"ಎಸಿಯೋಕಿಂತ ನಿಮ್ಮನೇಲಿ ಇರ್ಲಿ," ಅಂದರು. "ಆದ್ರೆ ಭಾನುವಾರ ಭಾನುವಾರ ಬಂದು ಒಂದು ಗಳಿಗೆ ಅದರಲ್ಲಿ ಕೂತ್ಕೋತೀನಿ. ಬೇಡ ಅನ್ಬಾರ್ದು."

"ಅದಕ್ಕೇನಮ್ಮ, ನಿಮ್ಮದೇ ಮನೆ."

ಯಾಕೆ ಕೂರಬೇಕು ಅಂತ ಡಾಕ್ಟರು ಕೇಳಲಿಲ್ಲ. ಅಮ್ಮ ಹೇಳಲೂ ಇಲ್ಲ. ಕೆಲವು ವಿಷಯ ಹೇಳುವುದಕ್ಕಲ್ಲ ಅಂತ ಅವರ ಕಾಲದವರು ನಂಬಿದ್ದರು.

ಕುರ್ಚಿ ಸರಿಹೋಗಲು ಒಂದು ತಿಂಗಳು ಹಿಡಿಯಿತು. ಡಾಕ್ಟರು ಪ್ರತಿ ರೋಗಿಗೂ ಒಂದು ಕಾರ್ಡು ಬರೆಯುವ ಮನುಷ್ಯ. ಯಾವ ಹಲ್ಲು, ಎಷ್ಟು ಹುಳುಕು, ಎಷ್ಟು ಆಳ, ಎಲ್ಲ ಅದರಲ್ಲಿರಬೇಕು. ಕುರ್ಚಿಗೂ ಹಾಗೇ ಕಾರ್ಡು. ಕೂಡಿಕೆಗಳನ್ನು ಬಿಚ್ಚಿ ಹಳೇ ಅಂಟು ತೆಗೆದರು. ಕುರ್ಚಿಯ ಬಲಗೈಯನ್ನು ತಿರುಗಿಸಿದಾಗ ಅಡಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿಗಳು ಕಂಡವು. ಮರದ ಹುಳು, ಅಂದುಕೊಂಡರು. ಮಧ್ಯಾಹ್ನದ ಬಿಡುವಿನಲ್ಲಿ ಅದನ್ನು ಆಸ್ಪತ್ರೆಗೆ ಒಯ್ದು, ರೋಗಿಯ ಕುರ್ಚಿಯಲ್ಲಿ ಮಲಗಿಸಿ, ದೀಪ ಬಗ್ಗಿಸಿ, ಕೊಕ್ಕೆ ಕಡ್ಡಿಯಿಂದ ಒಂದೊಂದೇ ಗುಳಿಯನ್ನು ಮುಟ್ಟಿ ನೋಡಿದರು.

ಹುಳು ಕೊರೆದದ್ದಾದರೆ ಸೊಟ್ಟಗೆ ಒಳಗೆ ಹೋಗಬೇಕು. ಇವು ನೇರ. ತಳ ನುಣುಪು. ಒಂದು ಕ್ಷಣ ಕಡ್ಡಿ ಹಿಡಿದ ಕೈಗೆ ಅನುಮಾನ ಬಂತು. ಕಾರ್ಡಿನಲ್ಲಿ ಗುಳಿಗಳ ಚಿತ್ರ ಬರೆದು, ತುದಿಯಿಂದ ದೂರ, ಒಂದೊಂದರ ಆಳ ಗುರುತು ಹಾಕಿ, ಪಕ್ಕದಲ್ಲಿ, "ಇಪ್ಪತ್ತಾರು. ಹುಳುವಿನದಲ್ಲವೇನೋ?" ಅಂತ ಬರೆದರು. ಆಮೇಲೇನು ಮಾಡಿದರು ಅಂದರೆ, ಕಾರ್ಡಿಗೆ ಪ್ರಶ್ನೆ ಕೇಳಿದವರು ಮನುಷ್ಯರನ್ನು ಕೇಳದೆ, ಅಭ್ಯಾಸ ಹೇಳಿದ ಹಾಗೆ ಮಾಡಿದರು. ಹಲ್ಲಿನಲ್ಲಿ ಗುಳಿ ಕಂಡರೆ ತುಂಬಬೇಕು. ತೇಗದ ಪುಡಿಯನ್ನು ಅಂಟಿನಲ್ಲಿ ಕಲಸಿ, ಇಪ್ಪತ್ತಾರಕ್ಕೂ ತುಂಬಿ, ಒತ್ತಿ, ಒಣಗಿಸಿ, ತಿಕ್ಕಿದರು.

ಊಟಕ್ಕೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಯಾರ್ರೀ ಇದು ಪೇಷಂಟು? ಕೈ ಮಾತ್ರ ಕಳಿಸಿದಾರೆ?"

"ಹುಳುಕು ತುಂಬ್ತಿದೀನಿ."

"ನೋವಾಯ್ತಾ ಕೇಳಿದ್ರಾ?"

ಎಷ್ಟು ಚೆನ್ನಾಗಿ ತುಂಬಿದ್ದರೆಂದರೆ, ಎಲ್ಲಿ ಮರ, ಎಲ್ಲಿ ತುಂಬಿದ್ದು ಅಂತ ಅವರ ಉಗುರಿಗೇ ಗೊತ್ತಾಗುತ್ತಿರಲಿಲ್ಲ. ಹದಿನೈದರ ಕುರ್ಚಿ ಕಿಟಕಿಯ ಆ ಬದಿ ಬಂದು ಕೂತಾಗ, ಎರಡೂ ಕುರ್ಚಿ ಬಹಳ ದಿನದ ಮೇಲೆ ಸಿಕ್ಕವರ ಹಾಗೆ ಮುಖ ನೋಡಿಕೊಂಡವು. ಡಾಕ್ಟರು ಅಂದು ಆಸ್ಪತ್ರೆಗೆ ಅರ್ಧ ಗಂಟೆ ತಡವಾಗಿ ಹೋದರು.

ಭಾನುವಾರ ಮಧ್ಯಾಹ್ನ ಗಡಿಯಾರದಮ್ಮ ಮಗಳ ತೋಳು ಹಿಡಿದು ಬಂದರು. ಬರಲಿಕ್ಕಿಲ್ಲ ಅಂತ ಡಾಕ್ಟರು ಅಂದುಕೊಂಡಿದ್ದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಹಜಾರದಲ್ಲಿ ಒಬ್ಬರು ಕುರ್ಚಿಯಲ್ಲಿ ಕೂತರು. ಹೊಸ ಪಟ್ಟಿ ಅವರನ್ನು ಮೆಲ್ಲಗೆ ತಡೆದು ಹಿಡಿಯಿತು. "ಆಹಾ," ಅಂದರು. "ಮುಳುಗಲ್ಲ."

ಆಮೇಲೆ ಕಣ್ಣು ಮುಚ್ಚಿದರು. ಬಲಗೈಯ ಬೆರಳುಗಳು ಕುರ್ಚಿಯ ಕೈಯನ್ನು ಸುತ್ತಿ ಅಡಿಗೆ ಹೋದವು. ಮುಂದಿನ ತುದಿಯಿಂದ ಹಿಂದಕ್ಕೆ ಸರಿದವು. ನಿಂತವು. ಮತ್ತೆ ತುದಿಗೆ ಬಂದು ಮತ್ತೆ ಸರಿದವು. ತುಟಿ ಏನನ್ನೋ ಹೇಳಲು ತೆರೆದು ಹಾಗೇ ಉಳಿಯಿತು. ಎಡಗೈಯನ್ನೂ ಕುರ್ಚಿಯ ಎಡಗೈ ಅಡಿಗೆ ಹಾಕಿ ನೋಡಿದರು.

"ಡಾಕ್ಟ್ರೇ, ಇದು ನಮ್ಮನೆ ಕುರ್ಚಿನೇ ತಾನೆ?"

"ನಿಮ್ಮದೇ ಅಮ್ಮ."

ಇನ್ನೂ ಒಂದು ಸಲ ಬೆರಳು ಹೋಗಿ ಬಂತು. ಆಮೇಲೆ ಅಮ್ಮ ಆ ಕೈಯನ್ನು ಮಡಿಲಿಗೆ ತಂದು, ಇನ್ನೊಂದು ಕೈಯಿಂದ ಅದರ ಬೆರಳ ತುದಿಗಳನ್ನು ಹಿಸುಕಿ ನೋಡಿಕೊಂಡರು. "ಕಣ್ಣು ಹೋಯ್ತು, ಸರಿ," ಅಂದರು ಮಗಳಿಗೆ, ತೀರ ಮೆಲ್ಲಗೆ. "ಈಗ ಬೆರಳೂ ಹೋದ್ವು ಕಣೆ."

ಮಗಳು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಬಂದಳು. ಡಾಕ್ಟರೂ ಹೆಂಡತಿಯೂ ಅಲ್ಲಿದ್ದರು.

"ಅದರ ಕೈ ಕೆಳಗೆ ಅಪ್ಪ ಗುಳಿ ಕೊರೆದಿದ್ರು," ಅಂದಳು. "ಅಮ್ಮ ದಿನಾ ಸಾಯಂಕಾಲ ಒಬ್ಬೊಬ್ಬರನ್ನೂ ನೆನೆಸಿ ದೇವರ ಹತ್ರ ಕೇಳ್ಕೋತಾರೆ. ವಯಸ್ಸಾಗ್ತಾ ಯಾರನ್ನಾದ್ರೂ ಬಿಟ್ಟುಬಿಡ್ತೀನೇನೋ ಅಂತ ಅವರಿಗೆ ಭಯ. ಅದಕ್ಕೆ ಅಪ್ಪ ಒಬ್ಬೊಬ್ಬರಿಗೆ ಒಂದೊಂದು ಗುಳಿ ಮಾಡಿಕೊಟ್ರು. ಮೇಲೆ ಬೇಡ, ಕೆಳಗಿರ್ಲಿ, ಬೇಡ್ಕೊಳ್ಳೋದು ಬಂದವರಿಗೆ ಕಾಣಬಾರದು ಅಂತ. ಬೆರಳು ಗುಳಿಗೆ ಬಿದ್ರೆ ಅಮ್ಮನಿಗೆ ಆ ಜನ ನೆನಪಾಗ್ತಾರೆ. ಈಗ ನೋಡಿ, ಸ್ಪರ್ಶವೇ ಹೋಗಿದೆ ಅಂತಿದಾರೆ."

ಡಾಕ್ಟರು ಕೈಯಲ್ಲಿದ್ದ ಲೋಟವನ್ನು ಇಟ್ಟರು. ಹೆಂಡತಿ ಅವರನ್ನೇ ನೋಡುತ್ತಿದ್ದಳು. ಬಾಯಿ ತೆಗೆಯಲು ಅದೇ ಸಮಯ, ಅದೇ ಜಾಗ. ಆದರೆ ಕಿಟಕಿಯ ಎರಡು ಬದಿಯ ಕುರ್ಚಿಗಳು ಮನಸ್ಸಿನಲ್ಲಿ ಹಾದುಹೋದವು. ಹೇಳಿದರೆ ಹದಿನೈದು ಹೋಗುತ್ತದೆ. ಹೇಳದಿದ್ದರೆ ಜಗತ್ತಿನಲ್ಲಿ ಯಾರ ಉಗುರಿಗೂ ಗೊತ್ತಾಗದು. ಆ ಕ್ಷಣ ದಾಟಿತು.

"ಒಂದು ವಾರ ನೋಡಿ, ಆಮೇಲೆ ಹೇಳಿ," ಅಂದರು, ರೋಗಿಗೆ ಹೇಳುವ ಹಾಗೆ.

ಅವರು ಹೋದ ಮೇಲೆ ಹೆಂಡತಿ ಸ್ಟೂಲುಗಳನ್ನು ಒಂದರೊಳಗೊಂದು ಜೋಡಿಸುತ್ತಾ, "ಅವತ್ತು ಆ ಕೈಗೆ ನೋವಾಯ್ತಾ ಅಂತ ತಮಾಷೆಗೆ ಕೇಳಿದ್ದೆ," ಅಂದಳು.

ಆ ವಾರ ಡಾಕ್ಟರು ತುಂಬಿದ ಪ್ರತಿ ಹಲ್ಲಿನ ಮುಂದೆಯೂ ಒಂದು ಗಳಿಗೆ ತಡೆದರು. ಪ್ರಾರ್ಥನೆಯ ವಿಷಯದಲ್ಲಿ ಅವರು ಅಷ್ಟೇನೂ ಶ್ರದ್ಧೆಯವರಲ್ಲ. ಬೆಳಿಗ್ಗೆ ಕೈ ತೊಳೆಯುವಾಗ ಯಾರ ಬಾಯಿಗೂ ತನ್ನಿಂದ ಕೆಡುಕಾಗದಿರಲಿ ಅಂತ ಒಂದು ಮಾತು, ಅಷ್ಟೆ. ಬಾಯಿಗೆ ಕೆಡುಕಾಗಲಿಲ್ಲ, ನಿಜ. ಎಂಬತ್ತನಾಲ್ಕು ವರ್ಷದ ಒಬ್ಬ ಹೆಂಗಸು ಇಷ್ಟು ವರ್ಷ ದೇವರ ಎದುರು ನಿಲ್ಲಿಸುತ್ತಿದ್ದ ಜನರಿಗೆಲ್ಲ ತಾನು ತೇಗದ ಪುಡಿ ತುಂಬಿ ಬಾಗಿಲು ಮುಚ್ಚಿದೆನಲ್ಲ ಅನ್ನಿಸುತ್ತಿತ್ತು. ಆದರೂ ಸಾಯಂಕಾಲ ಮನೆಗೆ ಬಂದರೆ ಎರಡು ಕುರ್ಚಿಗಳ ಮೇಲೂ ಒಂದೇ ಇಳಿಬಿಸಿಲು ಬಿದ್ದಿರುತ್ತಿತ್ತು. ಮನಸ್ಸು ಮತ್ತೆ ನಾಳೆ ಅನ್ನುತ್ತಿತ್ತು.

ಗುರುವಾರ ಮಗಳ ಫೋನ್ ಬಂತು. "ಡಾಕ್ಟ್ರೇ, ನಿಮಗೆ ನರದ ಡಾಕ್ಟರು ಯಾರಾದ್ರೂ ಪರಿಚಯ ಇದಾರಾ? ಅಮ್ಮ ರವಿಕೆ ಗುಂಡಿ ಹಾಕ್ಕೊಳ್ಳೋದನ್ನೇ ಬಿಟ್ಟಿದಾರೆ. ಬಿಸಿ ಲೋಟ ಹಿಡಿಯೋಕೆ ಹೆದರ್ತಾರೆ. ಗೋಡೆ ಮುಟ್ಟಿಕೊಂಡು ಬಚ್ಚಲಿಗೆ ಹೋಗ್ತಿದ್ದೋರು, ಈಗ ಬೆರಳನ್ನ ನಂಬಲ್ಲ, ನಾನೇ ಕರ್ಕೊಂಡು ಹೋಗ್ಬೇಕು."

ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. "ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ," ಅಂದರು ಡಾಕ್ಟರು.

ಆವತ್ತು ಮಧ್ಯಾಹ್ನದ ರೋಗಿಗಳಿಗೆ ನಾಳೆ ಬನ್ನಿ ಅಂತ ಹೇಳಿ ಕಳಿಸಿದರು. ಸಾಮಾನಿನ ಗಾಡಿ ಕರೆಸಿ, ಕುರ್ಚಿಯನ್ನು ಎರಡು ಕಂಬಳಿಯಲ್ಲಿ ಸುತ್ತಿ, ತಾವೂ ಹಿಂದೆ ಅದರ ಜೊತೆಗೇ ಕೂತು ಹೋದರು. ಹಳ್ಳಿಗಳ ಶಿಬಿರಕ್ಕೆ ಒಯ್ಯುವ ಪುಟ್ಟ ಬ್ಯಾಟರಿ ಡ್ರಿಲ್ಲು, ಕನ್ನಡಿ, ಆ ಕಾರ್ಡು ಚೀಲದಲ್ಲಿದ್ದವು.

ಬಟನ್ ಒತ್ತುವ ಹೊಸ ಕುರ್ಚಿಯಲ್ಲಿ ಮಗಳು ಕಾಲು ಚಾಚಿ ಪೇಪರ್ ಓದುತ್ತಿದ್ದಳು. ಗಡಿಯಾರದಮ್ಮ ಮಂಚದ ಅಂಚಿನಲ್ಲಿ, ಕೈಗಳನ್ನು ಬೇರೆಯವರ ವಸ್ತುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಡಾಕ್ಟರು ಕುರ್ಚಿಯನ್ನು ಹಳೇ ಮೂಲೆಗೇ ಇಟ್ಟರು. ಆಮೇಲೆ ಅಮ್ಮನ ಎದುರು ನಿಂತು ಎಲ್ಲ ಹೇಳಿದರು. ಹುಳುಕು ಅಂದುಕೊಂಡದ್ದು, ಅನುಮಾನ ಬಂದದ್ದು, ಕೇಳದೆ ತುಂಬಿದ್ದು, ಭಾನುವಾರ ಗೊತ್ತಾದರೂ ಬಾಯಿ ಮುಚ್ಚಿಕೊಂಡದ್ದು.

ಮಗಳು ಪೇಪರ್ ಮಡಿಸಿಟ್ಟು ಎದ್ದಳು.

"ಅಂದ್ರೆ ನನ್ನ ಬೆರಳು ಚೆನ್ನಾಗಿವೆ?" ಅಂದರು ಗಡಿಯಾರದಮ್ಮ.

"ಚೆನ್ನಾಗಿವೆ ಅಮ್ಮ. ನನ್ನ ಬೆರಳಿಗಿಂತ ಚೆನ್ನಾಗಿವೆ."

ಅವರು ಕೈಯೆತ್ತಿ ತಮ್ಮ ಸೀರೆಯ ಅಂಚು ಮುಟ್ಟಿದರು. ಮಂಚದ ಮರ ಮುಟ್ಟಿದರು, ಕೆನ್ನೆ ಮುಟ್ಟಿಕೊಂಡರು. ಮುಖ ಬೆಳಗಿತು. ಊರಿಗೆ ಹೋದ ಮಗು ಮನೆಗೆ ಬಂದ ಹಾಗೆ ಆ ಬೆರಳುಗಳನ್ನು ಬರಮಾಡಿಕೊಂಡರು. ಆಮೇಲೆ ಆ ಬೆಳಕು ಸ್ವಲ್ಪ ಇಳಿಯಿತು.

"ಅವತ್ತೇ ಯಾಕಪ್ಪಾ ಹೇಳ್ಲಿಲ್ಲ ನೀನು?"

ಅದುವರೆಗೂ ನೀವು ಅನ್ನುತ್ತಿದ್ದ ಬಾಯಿ.

"ಕುರ್ಚಿ ಹೋಗುತ್ತೆ ಅಂತ."

"ಹೂಂ," ಅಂದರು. ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಪರವಾಗಿಲ್ಲ ಅಂದಿದ್ದರೆ ಡಾಕ್ಟರಿಗೆ ಸುಲಭವಾಗುತ್ತಿತ್ತು. "ಈಗೇನು ಮಾಡ್ತೀಯ?"

"ಮತ್ತೆ ತೆರಿತೀನಿ. ಎಲ್ಲೆಲ್ಲಿ, ಎಷ್ಟೆಷ್ಟು ಆಳ ಅಂತ ಬರ್ಕೊಂಡಿದೀನಿ. ಕುರ್ಚಿ ಮಗುಚಿ ಹಾಕಿ..."

"ಮಗುಚೋದು ಬೇಡ. ನಾನು ಕೂತಿರ್ತೀನಿ, ನೀನು ಕೆಳಗಿಂದ ಮಾಡು. ಯಾರು ಯಾರು ಬಂದ್ರು ಅಂತ ನಂಗೆ ಗೊತ್ತಾಗ್ಬೇಕು."

ಹೀಗೆ ಗಡಿಯಾರದಮ್ಮ ತಮ್ಮ ಕುರ್ಚಿಯಲ್ಲಿ ಕೂತರು. ಡಾಕ್ಟರು ಅವರ ಕಾಲ ಬಳಿ ನೆಲದ ಮೇಲೆ ಅಂಗಾತ ಮಲಗಿ, ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಡ್ರಿಲ್ಲು ಹಿಡಿದರು. ಮೇಲ್ದವಡೆಯ ಹಲ್ಲನ್ನು ಕನ್ನಡಿಯಲ್ಲಿ ನೋಡಿ ಕೊರೆದು ಪಳಗಿದ ಕೈ. ಮಗಳು ಕಾರ್ಡು ಹಿಡಿದು, ಹಾಜರಿ ಕರೆಯುವ ದನಿಯಲ್ಲಿ ದೂರ, ಆಳ ಓದತೊಡಗಿದಳು.

ಮೊದಲ ಗುಳಿ ತೆರೆದುಕೊಂಡಿತು. ತೇಗದ ಪುಡಿ ಡಾಕ್ಟರ ಎದೆಯ ಮೇಲೆ ಉದುರಿತು. ಅಮ್ಮನ ಬೆರಳು ಬಂದು ಗುಳಿಯೊಳಗೆ ಕೂತಿತು.

"ಇದು ಇವಳು. ಕಾರ್ಡು ಓದ್ತಿರೋಳು. ಬಾ ತಾಯಿ." ಮುಂದಿನದು ತೆರೆಯಿತು. "ಇದು ಅವಳ ಮಗ, ದೂರದಲ್ಲಿ ಸೇತುವೆ ಕಟ್ಟಿಸ್ತಾನೆ." ಮುಂದೆ ಅಕ್ಕಪಕ್ಕ ಅಂಟಿಕೊಂಡ ಎರಡು. "ಇವರು ನನ್ನ ತಂಗಿಯ ಅವಳಿ ಮಕ್ಕಳು. ಒಬ್ಬನಿಗೆ ಕೇಳ್ಕೊಂಡ್ರೆ ಇನ್ನೊಬ್ಬನಿಗೆ ಹೊಟ್ಟೆಕಿಚ್ಚು, ಅದಕ್ಕೆ ಒಂದೇ ಉಸಿರಲ್ಲಿ ಹೇಳ್ತೀನಿ." ಆಮೇಲೆ ಎದುರಂಗಡಿಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದವನು. ಗಂಡನಿಗೆ ಎದೆನೋವು ಬಂದಾಗ ಬಸ್ಸನ್ನು ರಸ್ತೆ ತಪ್ಪಿಸಿ ನೇರ ಆಸ್ಪತ್ರೆಗೆ ಓಡಿಸಿದ ಡ್ರೈವರು. ಹೆಸರು ಕೇಳುವುದೇ ಮರೆತುಹೋಗಿತ್ತಂತೆ, "ಬಸ್ಸಿನವನು ಅಂದ್ರೆ ದೇವರಿಗೆ ಗೊತ್ತಾಗುತ್ತೆ."

ಹನ್ನೊಂದನೆಯದರಲ್ಲಿ ಬೆರಳು ನಿಂತಿತು.

"ಇದು ಯಾರು?" ಅಂದರು ಅಮ್ಮ. ಡ್ರಿಲ್ಲು ನಿಂತಿತು. ಬೆರಳು ಗುಳಿಯೊಳಗೆ ಮೆಲ್ಲಗೆ ಸುತ್ತು ಹಾಕಿತು. ಹೊಸದಾಗಿ ಕೊರೆದ ಅಂಚು ಮೂಡುತ್ತಿರುವ ಹಲ್ಲಿನ ಹಾಗೆ ಚೂಪಾಗಿತ್ತು. "ಇದರ ಹಿಂದೆ ಬಸ್ಸಿನವನು... ಮುಂದೆ ನಮ್ಮಣ್ಣ... ನಡುವೆ..." ಗಡಿಯಾರಗಳು ಸದ್ದು ಮಾಡುತ್ತಿದ್ದವು. ತಾನು ಅಳಿಸಿದ ಯಾರೋ ಒಬ್ಬರು ಎಲ್ಲೋ ಕತ್ತಲಲ್ಲಿ ನಿಂತು ಕರೆಗಾಗಿ ಕಾಯುತ್ತಿರುವಂತೆ ಡಾಕ್ಟರಿಗೆ ಅನ್ನಿಸಿತು.

"ಅಯ್ಯೋ, ಇವಳು," ಅಂದರು ಅಮ್ಮ ಕೊನೆಗೆ. ದನಿ ಒದ್ದೆಯಾಗಿತ್ತು. "ನೀನು ಓದ್ತಿದ್ದ ಶಾಲೆಯಲ್ಲಿ ಅಡುಗೆ ಮಾಡ್ತಿದ್ದೋಳು ಕಣೆ. ಅಂಗಡಿ ನಡೀದೆ ಇದ್ದ ವರ್ಷ ನಿನ್ನ ತಟ್ಟೆಗೆ ಎರಡು ಸಲ ಬಡಿಸ್ತಿದ್ದೋಳು, ಯಾರಿಗೂ ಕಾಣದ ಹಾಗೆ. ಕುರ್ಚಿ ಹೋದಾಗಿಂದ ಇವಳನ್ನ ಬಿಟ್ಟೇಬಿಟ್ಟಿದ್ದೆನಲ್ಲ."

ಮಗಳು ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದಳು. ಮುಂದಿನ ಅಂಕಿ ಓದಲು ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಯದರ ಆಳ ಓದಿದಾಗ ಡಾಕ್ಟರು, "ಸರಿಯಾಗಿ ನೋಡಿ ಅಕ್ಕಾ, ಅಷ್ಟು ಆಳಾನಾ?" ಅಂತ ಕೇಳಿದರು.

"ಹೌದು, ಅಷ್ಟೇ," ಅಂದರು ಅಮ್ಮ ಮೇಲಿಂದ. "ಅದು ನನ್ನ ಓರಗಿತ್ತಿ. ನಮ್ಮನ್ನ ಮಳೆಯಲ್ಲಿ ಮನೆಯಿಂದ ಹೊರಗೆ ಹಾಕಿದೋಳು. ಅವಳಿಗೆ ಒಳ್ಳೇದು ಕೇಳೋಕೆ ನಂಗೆ ಮನಸ್ಸೇ ಬರ್ತಿರಲಿಲ್ಲ. ಬೆರಳು ಹಾರಿಸಿಬಿಡ್ತಿದ್ದೆ. ಅದಕ್ಕೆ ಅವರು ಆಳವಾಗಿ ಕೊರೆದ್ರು, ಬಿದ್ರೆ ಎದ್ದು ಬರೋಕೆ ಆಗಬಾರದು ಅಂತ."

ಡಾಕ್ಟರು ಅದನ್ನೂ ತೆರೆದರು. ತೋಳು ಸೋತು ಇಳಿಯಿತು. "ಇಪ್ಪತ್ತಾರೂ ಆಯ್ತಮ್ಮ."

"ಇಪ್ಪತ್ತೆಂಟು," ಅಂದರು ಗಡಿಯಾರದಮ್ಮ.

ಮಗಳು ಕಾರ್ಡನ್ನು ಮತ್ತೆ ನೋಡಿದಳು. ಗುಳಿಗಳ ಚಿತ್ರದ ಆಚೆ, ಮುಂದಿನ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇತ್ತು. "ಇಲ್ಲಿ, 'ಕೈ ತಾಗಿ ಸವೆದಿದೆ, ತಿಕ್ಕಿ ಸಮ ಮಾಡಿದೆ' ಅಂತಿದೆ."

ಡಾಕ್ಟರು ಎದ್ದು ಕೂತರು. ಎದೆಯ ಮೇಲಿನ ಪುಡಿ ಮಡಿಲಿಗೆ ಜಾರಿತು. ಆ ಎರಡನ್ನು ಅವರು ಗುಳಿ ಅಂತ ಗುರುತಿಸಿಯೇ ಇರಲಿಲ್ಲ, ಅಷ್ಟು ಸವೆದಿದ್ದವು. ಅಳತೆಯಿಲ್ಲ, ಆಳವಿಲ್ಲ. ಮರವೇ ತಿಕ್ಕಿಹೋಗಿತ್ತು.

"ಅಮ್ಮಾ, ಅವೆರಡು... ಮೊದಲೇ ಯಾಕೆ ಹೇಳ್ಲಿಲ್ಲ?"

"ಮೊದಲೇ ಹೇಳಿದ್ರೆ ನೀನು ಹೆದರಿ ಕೈ ನಡುಗಿಸ್ತಿದ್ದೆ. ಉಳಿದೋರು ಸೊಟ್ಟ ಆಗ್ತಿದ್ರು." ಅವರ ಬೆರಳು ಆ ನುಣುಪಾದ ತುದಿಯ ಮೇಲೆ ಓಡಾಡಿತು. "ಒಂದು ಅವರದ್ದು. ತಮಗೆ ತಾವೇ ಕೊರ್ಕೊಂಡಿದ್ದು, ಸಂಕೋಚದಲ್ಲಿ ಹೀಗೆ ಗೀರಿದ ಹಾಗೆ. ಇನ್ನೊಂದು, ಇವಳಿಗಿಂತ ಮೊದಲು ಹುಟ್ಟಿದ್ದು. ಮೂರು ದಿನ ಇತ್ತು. ಹೆಸರು ಇಡೋಕೂ ಆಗ್ಲಿಲ್ಲ."

"ಅಂದಾಜಿನಲ್ಲಿ ಮಾಡಿಕೊಡ್ಲಾ ಅಮ್ಮ?"

ಅಮ್ಮ ಯೋಚಿಸಿದರು. ತಲೆಯಲ್ಲಾಡಿಸಿದರು. "ಬೇಡ. ದಿನಾ ಮೊದಲು ಮುಟ್ಟಿ ಮುಟ್ಟಿ ನಾನೇ ಸವೆಸಿದ್ದು. ನೀನು ತಿಕ್ಕಿದ್ದು ಕೊನೇ ಚೂರು. ಅವರಿಬ್ಬರು ನೆನಪಾಗೋಕೆ ನಂಗೆ ಮರ ಬೇಕಾಗಿಲ್ಲ."

ಹೊರಗೆ ಸಾಮಾನಿನ ಗಾಡಿಯವನು ಹಾರ್ನ್ ಮಾಡಿದ. ಖಾಲಿ ಗಾಡಿಯೇ ವಾಪಸ್ ಹೋಗಬೇಕು ಅಂತ ಡಾಕ್ಟರಿಗೆ ಆಗ ಹೊಳೆಯಿತು. ಹದಿನೈದು ಇಲ್ಲಿಯೇ ಉಳಿಯುತ್ತದೆ. ಹೊಸ ಕುರ್ಚಿಯನ್ನಾದರೂ ಒಯ್ಯಬೇಕೇನೋ ಅಂತ ಅತ್ತ ತಿರುಗಿದರೆ, ಮಗಳು ಆಗಲೇ ಅದರಲ್ಲಿ ಮತ್ತೆ ಕೂತಾಗಿತ್ತು. "ಇದು ಇರ್ಲಿ ಡಾಕ್ಟ್ರೇ," ಅಂದಳು, ಬಟನ್ ಮೇಲೆ ಕೈಯಿಟ್ಟು. "ನನ್ನ ಮಂಡಿಗೆ ಅಭ್ಯಾಸ ಆಗಿದೆ."

ಕಿಟಕಿಯ ಆ ಬದಿಯ ಖಾಲಿ ಜಾಗ ಡಾಕ್ಟರ ಕಣ್ಣೆದುರು ಬಂತು. ಇಪ್ಪತ್ತು ವರ್ಷ ಕಾದ ಹದಿನಾಲ್ಕು ಅಲ್ಲಿ ಒಂದೇ ಇರುತ್ತದೆ. ಹೆಂಡತಿ ಇಷ್ಟು ಹೊತ್ತಿಗೆ ಅದರಲ್ಲಿ ಕೂತಿದ್ದರೂ ಕೂತಿರಬಹುದು. ಕೂತಿರಲಿ ಅನ್ನಿಸಿತು. ಅನ್ನಿಸಿದ್ದು ಅವರಿಗೇ ಹೊಸದಾಗಿತ್ತು. ಕನ್ನಡಿಯನ್ನು ಒರೆಸಿ ಜೇಬಿಗಿಡಲು ಹೋದರು.

"ತಡಿ," ಅಂದರು ಗಡಿಯಾರದಮ್ಮ. "ಇನ್ನೊಂದು ಹಾಕು. ಕೊನೇಲಿ, ನಮ್ಮ ಓರಗಿತ್ತಿ ಪಕ್ಕದಲ್ಲಿ."

"ಯಾರಿಗಮ್ಮ?"

"ಯಾರಿಗೆ ಅಂತ ಬೇರೆ ಕೇಳ್ತೀಯಲ್ಲ."

ಡಾಕ್ಟರು ಮತ್ತೆ ನೆಲದ ಮೇಲೆ ಅಂಗಾತ ಮಲಗಿದರು. ಕನ್ನಡಿಯಲ್ಲಿ ಅಮ್ಮನ ಬೆರಳು ಜಾಗ ತೋರಿಸಿ ಸರಿಯಿತು. ಈ ಗುಳಿಗೆ ಕಾರ್ಡಿನಲ್ಲಿ ಅಳತೆ ಇರಲಿಲ್ಲ. ಅಂದಾಜಿನಲ್ಲೇ ಕೊರೆದರು. ಗುಳಿ ಬಿತ್ತು. ಪುಡಿಯನ್ನು ಊದಿದರು.

"ಸಾಕಾ ಅಮ್ಮ?"

ಬೆರಳು ಬಂತು, ಒಳಗೆ ಇಳಿಯಿತು, ಸುತ್ತ ನೋಡಿತು. ಪಕ್ಕದ ಓರಗಿತ್ತಿಗೂ ಹೋಗಿ, ಹೋಲಿಸಿ, ವಾಪಸ್ ಬಂತು.

"ಇನ್ನೂ ಸ್ವಲ್ಪ," ಅಂದರು ಗಡಿಯಾರದಮ್ಮ.

ಡಾಕ್ಟರು ಮತ್ತೆ ಕೊರೆದರು.